ಹಿಂದಕ್ಕೆ ತುಳಿದರೆ ಮುಂದಕ್ಕೆ ಹೋಗುವ ಸೈಕಲ್ಲು

ನಮ್ಮ ಮಾವ ಇದುವರೆಗೆ ಒಂದೇ ಒಂದು ಯಂತ್ರವನ್ನೂ ಹಾಳು ಮಾಡಿಲ್ಲ. ಹಾಗೆಂದು ಅವರೇ ಹೇಳಿದ್ದಾರೆ! ಅವರ ಕೈಗೆ ಸಿಕ್ಕ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಮತ್ತು ನನ್ನ ಹಳೆಯ ಲ್ಯಾಪ್‌ಟಾಪಿಗೆ ಬಾಯಿಲ್ಲವಾದ್ದರಿಂದ ಎದುರು ಕಡೆಯವರ ಹೇಳಿಕೆ ಇನ್ನೂ ದಾಖಲಾಗಿಲ್ಲ, ಅಷ್ಟೇ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಸಿದ್ದಾಪುರದಲ್ಲಿ ಬಹಳ ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಸುತ್ತಮುತ್ತಲಿನ ಮದುವೆ, ನಾಮಕರಣ, ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಅವರದೇ ಸ್ಪೀಕರು. ಅಂಗಡಿ ಮುಚ್ಚಿ ಜಯನಗರದ ಮನೆಯಲ್ಲಿ ಕುಳಿತ ಮೇಲೂ ಅಭ್ಯಾಸ ಹೋಗಿಲ್ಲ. ಯಾವ ವಸ್ತು ಕೈಗೆ ಬಂದರೂ ಮೊದಲು ಉಗುರಿನಿಂದ ಟಕ್ ಟಕ್ ಎಂದು ಬಡಿದು "ಹಲೋ, ಚೆಕ್" ಎನ್ನುತ್ತಾರೆ. ಕುಕ್ಕರಿಗೂ ಹಲೋ, ಟಿವಿ ರಿಮೋಟಿಗೂ ಹಲೋ. ಒಮ್ಮೆ ಫೋರ್ತ್ ಬ್ಲಾಕಿನಲ್ಲಿ ಕಲ್ಲಂಗಡಿ ಹಣ್ಣಿಗೆ ಹಲೋ ಎಂದಾಗ ಅಂಗಡಿಯವನು, "ಅಂಕಲ್, ಅದು ಸ್ವಿಚ್ ಆಫ್ ಆಗಿದೆ, ಪಕ್ಕದ್ದು ಟ್ರೈ ಮಾಡಿ" ಎಂದನಂತೆ!

ಇನ್ನು ಧ್ವನಿ. ಜೀವಮಾನವಿಡೀ ಸ್ಪೀಕರಿನ ಜೊತೆ ಸ್ಪರ್ಧೆಗಿಳಿದವರಿಗೆ ಪಿಸುಮಾತು ಎಲ್ಲಿಂದ ಬರಬೇಕು? ಮಾವ ಗುಟ್ಟು ಹೇಳಿದರೆ ನಮ್ಮ ಮನೆಯಲ್ಲಿ ನನಗೂ ಅತ್ತೆಗೂ, ಎದುರು ಮನೆಯಲ್ಲಿ ಅಷ್ಟೂ ಜನಕ್ಕೂ ಒಟ್ಟಿಗೇ ತಿಳಿಯುತ್ತದೆ.

ಅವರ ಮದುವೆಯ ಕತೆಯನ್ನಂತೂ ಅತ್ತೆಯ ಬಾಯಲ್ಲೇ ಕೇಳಬೇಕು. ಧಾರೆಯ ಹೊತ್ತಿಗೆ ಸರಿಯಾಗಿ ಮೈಕು ಕುಂಯ್ ಎಂದು ಊಳಿಡತೊಡಗಿತಂತೆ. ಮದುಮಗ ಸುಮ್ಮನಿರುವುದುಂಟೆ? ಬಾಸಿಂಗ ಕಟ್ಟಿಕೊಂಡೇ ಹಸೆಮಣೆಯಿಂದ ಎದ್ದು, ವೈರು ತಿರುಚಿ, ಪುರೋಹಿತರ ಕೈಯಿಂದ ಮೈಕು ಇಸಿದುಕೊಂಡು, "ಹಲೋ, ಚೆಕ್, ಹಿಂದೆ ಕೂತಿರೋರಿಗೆ ಕೇಳಿಸ್ತಾ ಇದ್ಯಾ?" ಎಂದರಂತೆ. ಹಿಂದೆ ಕೂತಿದ್ದವರೆಲ್ಲ ಆಗಲೇ ಎಲೆಯ ಮುಂದೆ ಕೂತಿದ್ದರು. ಮದುಮಗನ ಮುಖ ಸಪ್ಪಗಾದದ್ದನ್ನು ನೋಡಲಾರದೆ ಕೊನೆಗೆ ಮದುಮಗಳೇ ಕೈ ಎತ್ತಿದಳಂತೆ! ಅಂದಿನಿಂದ ಆ ಕೆಲಸ ಅತ್ತೆಗೆ ಖಾಯಂ ಆಯಿತು. ಮಾವ ಎಲ್ಲಿ ಮೈಕ್ ಕಟ್ಟಿದರೂ ಅತ್ತೆ ಕೊನೆಯ ಸಾಲಿನಲ್ಲಿ ಹೋಗಿ ಕೂರಬೇಕು. ಮಾವ "ಕೇಳಿಸ್ತಾ ಇದ್ಯಾ?" ಎಂದಾಗ, ಕೇಳಿಸಿದರೆ, ಬಲಗೈ ಎತ್ತಬೇಕು. ಆ ಕೈ ಮೇಲೇಳದೆ ಯಾವ ಸಮಾರಂಭವೂ ಶುರುವಾಗುತ್ತಿರಲಿಲ್ಲ.

ಅಂಥ ಅತ್ತೆ ಈಚೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೂಳೆ ಕೂಡಿತು, ಹೊಲಿಗೆ ಒಣಗಿತು. ಹೆದರಿಕೆ ಮಾತ್ರ ಹಸಿಯಾಗಿಯೇ ಉಳಿಯಿತು. ನಾನು ಬಿಟಿಎಂ ಲೇಔಟಿನ ಪಿಜಿ ಬಿಟ್ಟು ಅವರ ನೆರವಿಗೆಂದು ಬಂದದ್ದು ಆಗಲೇ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ವಾಕರ್ ಹಿಡ್ಕೊಂಡು ದಿನಾ ಗೇಟಿನವರೆಗೆ ನಡೀಬೇಕು. ಈ ತಿಂಗಳು ನಡೀಲಿಲ್ಲ ಅಂದ್ರೆ ಕಾಲು ಬಿಗಿದುಕೊಂಡುಬಿಡುತ್ತೆ. ಆಮೇಲೆ ನನ್ನ ಕೇಳ್ಬೇಡಿ." ಅತ್ತೆ ನಡೆಯುತ್ತಿದ್ದದ್ದು ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ. ಅದೂ ಎರಡು ಕೈಯಲ್ಲೂ ವಾಕರನ್ನು ಅಮುಕಿ ಹಿಡಿದು, ಬ್ರೇಕಿಲ್ಲದ ಬಸ್ಸಿನಲ್ಲಿ ನಿಂತವರ ಹಾಗೆ. ಒಂದು ಕೈ ಬಿಟ್ಟು ಸೆರಗು ಸರಿಮಾಡಿಕೊಳ್ಳಲೂ ಒಪ್ಪುತ್ತಿರಲಿಲ್ಲ. "ಅತ್ತೆ, ಸೆರಗು..." ಎಂದರೆ, "ನೀನೇ ಸರಿ ಮಾಡೇ ತಾಯಿ" ಎನ್ನುತ್ತಿದ್ದರು. ಉಳಿದ ಹೊತ್ತಿನಲ್ಲಿ ವಾಕರಿನ ಮೇಲೆ ಟವೆಲ್ಲು ಒಣಗುತ್ತಿತ್ತು.

"ಗೇಟಿನ ತನಕ ಹೋಗಿ ಬರೋಣ ಬನ್ನಿ ಅತ್ತೆ."

"ಗೇಟಲ್ಲಿ ಏನಿದೆ ನೋಡೋಕೆ? ಗೇಟು ಅಲ್ಲೇ ಇದೆ ಅಂತ ನಂಗೊತ್ತು."

ನನಗೆ ದಿನಚರಿ ಬರೆಯುವ ಚಟ. "ಗೇಟು" ಎಂದು ಒಂದು ಅಂಕಣ ಎಳೆದಿಟ್ಟಿದ್ದೆ. ಅದರ ತುಂಬ ಸೊನ್ನೆ.

ಈ ನಡುವೆ ಮನೆಗೆ ಬಂದದ್ದೇ ಎಲೆಕ್ಟ್ರಿಕ್ ಸೈಕಲ್ಲು. ಮೆಡಿಕಲ್ ಶಾಪು, ತರಕಾರಿ, ಹಾಲು ಎಂದು ಓಡಾಡುವ ಅಪ್ಪನ ಮಂಡಿ ನೋಯಬಾರದೆಂದು ತಲಘಟ್ಟಪುರದಲ್ಲಿರುವ ಮಾವನ ಮಗಳು ಕೊಡಿಸಿದ್ದು. ಅದರ ಮಜಾ ಏನೆಂದರೆ, ನೀವು ಪೆಡಲನ್ನು ಸುಮ್ಮನೆ ತಿರುಗಿಸಿದರೆ ಸಾಕು, ಮೋಟಾರು ತಾನೇ ಅರ್ಥ ಮಾಡಿಕೊಂಡು ತಳ್ಳತೊಡಗುತ್ತದೆ. ಮಾವ ಮೊದಲ ದಿನ ಸೀಟನ್ನು ಟಕ್ ಟಕ್ ಬಡಿದು ಹಲೋ ಎಂದರು. ಎರಡನೆಯ ದಿನದಿಂದ ಅಲಂಕಾರ ಶುರು. ಹಿಡಿಕೆಗೆ ಹಳೆಯ ಆಟೋ ಹಾರನ್ನು. ಹಿಂದೆ ಕೊಡೆ ಸಿಕ್ಕಿಸಲು ಒಂದು ಪೈಪು. ಭಾನುವಾರ ಕೂತು ಪೆಡಲಿನ ಹತ್ತಿರ, ತಳದಲ್ಲಿ, ಹಳೆಯ ಸ್ಪೀಕರಿನಿಂದ ಬಿಚ್ಚಿದ ರೊಟ್ಟಿಯಗಲದ ಆಯಸ್ಕಾಂತವೊಂದನ್ನು ನೇತುಹಾಕಿದರು.

"ಇದ್ಯಾಕೆ ಮಾವ?"

"ರೋಡಲ್ಲಿ ಮೊಳೆ ಬಿದ್ದಿರತ್ತೆ. ಟೈರಿಗೆ ಸಿಗೋ ಮೊದ್ಲು ಇದಕ್ಕೆ ಸಿಗತ್ತೆ. ಜನ್ಮದಲ್ಲಿ ಪಂಕ್ಚರ್ ಆಗಲ್ಲ, ಬರ್ಕೋ!"

ಬರೆದುಕೊಂಡೆ. ಸೈಕಲ್ಲನ್ನು ತಳ್ಳಿಕೊಂಡೇ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಫಸಲು ಹೀಗಿತ್ತು: ಒಂದು ಸೇಫ್ಟಿ ಪಿನ್ನು, ಒಂದು ನಟ್ಟು, ಎರಡು ಬಾಟಲಿ ಮುಚ್ಚಳ. ಮೊಳೆ ಮಾತ್ರ ಒಂದೂ ಇಲ್ಲ. "ನೋಡಿದ್ಯಾ, ಎಲ್ಲ ಹೆದರಿ ಓಡ್ಹೋಗಿವೆ" ಎಂದು ಮಾವ ಮೀಸೆ ತಿರುವಿದರು.

ಸೋಮವಾರ ಬೆಳಗ್ಗೆ ಮೋಟಾರು ಮುಷ್ಕರ ಹೂಡಿತು. ಮಾವ ತುಳಿದರು. ತುಳಿದೇ ತುಳಿದರು. ಸೈಕಲ್ಲು ತನ್ನ ಭಾರ, ಬ್ಯಾಟರಿಯ ಭಾರ, ಹಾರನ್ನಿನ ಭಾರ, ಮಾವನ ಭಾರ ಎಲ್ಲವನ್ನೂ ಮಾವನ ಮಂಡಿಯ ಮೇಲೇ ಹಾಕಿ ಆರಾಮಾಗಿ ಕೂತಿತು. ಹೇಗೋ ಮೆಡಿಕಲ್ ಶಾಪಿಗೆ ಹೋಗಿ ಬಂದ ಮಾವ ಗೇಟಿಗೆ ಒರಗಿ ಏದುಸಿರು ಬಿಟ್ಟರು.

ಮಲಗುವ ಕೋಣೆಯಿಂದ ಅತ್ತೆಯ ಧ್ವನಿ: "ಏನಾಯ್ತ್ರೀ?"

"ಏನೂ ಆಗಿಲ್ಲ!"

"ಏನೂ ಆಗಿಲ್ಲ ಅಂದ್ರೆ ಏನೋ ಆಗಿದೆ."

ನಾನು ಕ್ರಮಬದ್ಧವಾಗಿ ಹುಡುಕಾಟಕ್ಕಿಳಿದೆ. ಹಿಡಿಕೆಯಲ್ಲಿ ಸ್ಕೂಟರಿನಂತೆ ತಿರುಚುವ ಒಂದು ಆಕ್ಸಿಲರೇಟರೂ ಇದೆ. ತಿರುಚಿ ನೋಡಿದೆ, ಚಕ್ರ ಗಿರ್ರೆಂದಿತು. ಅಂದರೆ ಬ್ಯಾಟರಿ ಸರಿ, ಮೋಟಾರೂ ಸರಿ. ಕೆಟ್ಟಿರುವುದು ಪೆಡಲಿನ ಸೆನ್ಸರ್ರು! ಪೆಡಲಿನ ಅಚ್ಚಿಗೆ ಬಳೆಯಂಥದೊಂದು ತೊಡಿಸಿರುತ್ತಾರೆ, ಅದರಲ್ಲಿ ಪುಟ್ಟ ಪುಟ್ಟ ಆಯಸ್ಕಾಂತಗಳ ಸಾಲು. ಪಕ್ಕದಲ್ಲೇ ಸೆನ್ಸರ್ರು ಕಾವಲು ಕೂತಿರುತ್ತದೆ. ಬಳೆ ತಿರುಗುವಾಗ ಆಯಸ್ಕಾಂತಗಳು ಒಂದೊಂದಾಗಿ ಅದರ ಮುಂದೆ ಹಾದುಹೋದರೆ "ಓಹೋ, ಸಾಹೇಬರು ತುಳಿಯುತ್ತಿದ್ದಾರೆ" ಎಂದು ಅದು ಮೋಟಾರಿಗೆ ಸುದ್ದಿ ಮುಟ್ಟಿಸುತ್ತದೆ.

"ಸದ್ಯಕ್ಕೆ ಆಕ್ಸಿಲರೇಟರಲ್ಲೇ ಓಡಿಸಿ ಮಾವ."

"ಕಿವಿ ಹಿಂಡಿ ಓಡ್ಸೋದಾದ್ರೆ ಸ್ಕೂಟರ್ ತಗೋತಿರ್ಲಿಲ್ವಾ? ನಾನು ತುಳೀಬೇಕು, ಅದಕ್ಕೆ ಕೇಳಿಸ್ಬೇಕು. ಅದೇ ಮರ್ಯಾದೆ!" ಎಂದವರೇ ನೆಲದ ಮೇಲೆ ಅಂಗಾತ ಮಲಗಿ, ಸೆನ್ಸರಿಗೆ ಉಗುರು ತಾಗಿಸಿ, "ಹಲೋ, ಚೆಕ್" ಎಂದರು. ಎದುರು ಮನೆಯ ನಾಯಿ ಉತ್ತರಿಸಿತು.

ಡೈರಿಯಲ್ಲಿ ಬರೆದೆ: ಸೈಕಲ್ಲು ಒಂದು, ಮಾವ ಸೊನ್ನೆ.

ಮಂಗಳವಾರ ಹೊಸ ಸಿದ್ಧಾಂತ. ಸೆನ್ಸರಿಗೆ ನೀರು ಹೋಗಿದೆ! ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹುದುಗಿಸಿದರೆ ಸರಿಹೋಗುತ್ತದೆಂದು ಮಾವ ಎಲ್ಲೋ ಕೇಳಿದ್ದರು. ಸೈಕಲ್ಲನ್ನು ಅಕ್ಕಿಯಲ್ಲಿ ಹುದುಗಿಸಲು ಬೇಕಾಗುವಷ್ಟು ಅಕ್ಕಿ ಮನೆಯಲ್ಲಿರಲಿಲ್ಲ. ಹಾಗಾಗಿ ಅಕ್ಕಿ ತುಂಬಿದ ದಿಂಬಿನ ಚೀಲವೊಂದನ್ನು ಪೆಡಲಿನ ಬುಡಕ್ಕೆ ಗಂಟಲುನೋವಿಗೆ ಮಫ್ಲರು ಸುತ್ತಿದಂತೆ ಸುತ್ತಿದರು. ಅಡುಗೆಮನೆಯಲ್ಲಿ ಡಬ್ಬಿಯ ಸದ್ದಾದದ್ದೇ ತಡ, ಅತ್ತೆಯ ಕಿವಿ ನಿಮಿರಿತು.

"ಯಾವ ಡಬ್ಬಿಗೆ ಕೈ ಹಾಕಿದ್ರಿ?"

"ಅಕ್ಕಿ ಡಬ್ಬಿ ಕಣೇ, ಸ್ವಲ್ಪ!"

"ಅಯ್ಯೋ, ಅದು ಇಡ್ಲಿ ಅಕ್ಕೀರೀ! ನೆನೆಹಾಕೋಣ ಅಂತಿದ್ದೆ. ಸೈಕಲ್ಲಿಗೆ ಸೋನಾ ಮಸೂರಿ ಆಗ್ತಿರ್ಲಿಲ್ವಾ?"

ಈ ಸಲ ಧ್ವನಿ ನಡುಮನೆಯಿಂದ ಬಂದಿತ್ತು. ನಾನು ತಿರುಗಿ ನೋಡಲಿಲ್ಲ. ಚೀಲದ ಹೊಲಿಗೆ ಬಿಚ್ಚಿ ಇಡ್ಲಿ ಅಕ್ಕಿ ಪೋರ್ಟಿಕೋ ತುಂಬ ಚೆಲ್ಲಿಹೋಗಿತ್ತು, ಅದನ್ನು ಬಾಚುವುದರಲ್ಲಿದ್ದೆ. ಮರುದಿನ ಜಯನಗರದ ಅಷ್ಟೂ ಪಾರಿವಾಳಗಳಿಗೆ ನಮ್ಮಲ್ಲಿ ಔತಣ. ಸೈಕಲ್ಲು ಎರಡು, ಮಾವ ಸೊನ್ನೆ, ಪಾರಿವಾಳ ಅಸಂಖ್ಯ.

ಗುರುವಾರ ಮಾವ ಕೊನೆಯ ಅಸ್ತ್ರ ಬಿಟ್ಟರು. ಬಳೆಯನ್ನೇ ಬಿಚ್ಚುವುದು! ಅದು ಎರಡು ಹೋಳಾಗಿ ಕಳಚಿಕೊಳ್ಳುವಂಥದು. ಬಿಚ್ಚಿ, ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ, ಪಂಚೆಯ ಅಂಚಿನಿಂದ ಒರೆಸಿ, ಊದಿ, ಕಣ್ಣಿಗೊತ್ತಿಕೊಂಡು ಮತ್ತೆ ತೊಡಿಸಿದರು. ತುಳಿದರೆ ಊಹೂಂ, ಸೈಕಲ್ಲು ಮಿಸುಕಲಿಲ್ಲ. ಮಾವ ತಲೆಯ ಮೇಲೆ ಕೈಹೊತ್ತು ಕೂತರು. ಆ ಮುಖ ನೋಡಿ ನನಗೂ ನಗುವುದೋ ಅಳುವುದೋ ತಿಳಿಯಲಿಲ್ಲ.

"ರೀ, ಆ ತಳದಲ್ಲಿ ನೇತಾಡ್ತಿರೋದು ಏನು?"

ಅತ್ತೆ! ಬಾಗಿಲಲ್ಲಿ, ಹೊಸ್ತಿಲಿನ ಈಚೆಗೆ, ವಾಕರಿನ ಎರಡು ಕಾಲು ಕಾಣುತ್ತಿದ್ದವು.

"ಅದಾ? ಮೊಳೆ ಹಿಡಿಯೋ ಆಯಸ್ಕಾಂತ."

"ಸ್ಪೀಕರಿಂದು?"

"ಮತ್ತೆ? ದೊಡ್ಡ ಸ್ಪೀಕರಿಂದು!"

"ಅಯ್ಯೋ ನನ್ನ ಕರ್ಮವೇ! ನಮ್ಮ ಮದುವೆ ಕ್ಯಾಸೆಟ್ಟಿನ ಮೇಲೆ ಅದೇ ಸ್ಪೀಕರ್ ಇಟ್ಟು ಏನ್ ಮಾಡಿದ್ರಿ, ಮರ್ತ್ಹೋಯ್ತಾ? ಮಾಂಗಲ್ಯಂ ತಂತುನಾ ಅನ್ನೋ ಕಡೆ ಬರೀ ಭುಸ್ ಅಂತ ಬರತ್ತೆ. ನಮ್ಮ ಮದ್ವೆಗೆ ಸಾಕ್ಷೀನೇ ಇಲ್ಲ! ಅಷ್ಟು ದೊಡ್ಡ ಆಯಸ್ಕಾಂತ ಪಕ್ಕದಲ್ಲೇ ಕೂತು ಬಾಯ್ಬಡ್ಕೋತಿದ್ರೆ, ಆ ಪುಟಾಣಿಗಳು ಮಾತಾಡೋದು ಸೆನ್ಸರಿಗೆ ಎಲ್ಲಿ ಕೇಳ್ಸಬೇಕು?"

ನಾನು ಪೆನ್ನು ಕೆಳಗಿಟ್ಟೆ. ಭಾನುವಾರ ಆಯಸ್ಕಾಂತ ಕಟ್ಟಿದ್ದು, ಸೋಮವಾರ ಸೈಕಲ್ಲು ನಿಂತದ್ದು, ಎರಡನ್ನೂ ನಾನೇ ಒಂದರ ಕೆಳಗೊಂದು ಬರೆದಿದ್ದೆ! ಮಾವ ಆಯಸ್ಕಾಂತ ಬಿಚ್ಚಿ, ಸೈಕಲ್ಲನ್ನು ರಸ್ತೆಗಿಳಿಸಿ, ಹತ್ತಿ ತುಳಿದರು.

ಏನೂ ಇಲ್ಲ!

"ಥತ್!" ಎಂದು ಬೇಸರದಿಂದ ಪೆಡಲನ್ನು ಹಿಂದಕ್ಕೆ ಒದ್ದರು ನೋಡಿ, ಸೈಕಲ್ಲು ಬಾಣದಂತೆ ಮುಂದಕ್ಕೆ ಹಾರಿತು! ಮಾವ "ಏಯ್, ಏಯ್" ಎನ್ನುತ್ತ, ಗಾಬರಿಯಲ್ಲಿ ಬ್ರೇಕು ಮರೆತು, ಇನ್ನಷ್ಟು ಹಿಂದಕ್ಕೆ ತುಳಿದರು. ಅದು ಇನ್ನಷ್ಟು ಮುಂದಕ್ಕೆ ಓಡಿತು. ಆಗಿದ್ದಿಷ್ಟೇ. ತಿಕ್ಕಿ ತೊಳೆದ ಬಳೆಯನ್ನು ತೊಡಿಸುವಾಗ ಮಾವ ಉಲ್ಟಾ ತೊಡಿಸಿದ್ದರು. ಪಾಪದ ಸೆನ್ಸರಿಗೆ ಮುಂದು ಹಿಂದಾಗಿ, ಹಿಂದು ಮುಂದಾಗಿ ಕಾಣತೊಡಗಿತ್ತು. ಪಂಚೆ ಹಾರಿಸಿಕೊಂಡು, ಕಾಲುಗಳು ಒಂದು ದಿಕ್ಕಿಗೂ ಸೈಕಲ್ಲು ಇನ್ನೊಂದು ದಿಕ್ಕಿಗೂ ಚಲಿಸುತ್ತಿದ್ದ ಆ ದೃಶ್ಯದ ಹಿಂದೆ ನಾನು ಓಡಿದೆ. ರಸ್ತೆಯ ಕೊನೆಯ ಹೊಂಗೆಮರದ ಬಳಿ ಮಾವನಿಗೆ ವಿದ್ಯೆ ಕೈವಶವಾಗಿತ್ತು. ಅರ್ಧಚಂದ್ರಾಕಾರವಾಗಿ ತಿರುಗಿ, ರಾಜನಂತೆ ಹಿಂದಕ್ಕೆ ತುಳಿಯುತ್ತ ಮುಂದಕ್ಕೆ ಬಂದರು.

ಬಂದವರು ಗಕ್ಕನೆ ಬ್ರೇಕ್ ಹಾಕಿದರು.

ಗೇಟಿನಲ್ಲಿ ಅತ್ತೆ ನಿಂತಿದ್ದರು. ಮಾವ ಕಾಂಪೌಂಡಿನಾಚೆ ಮರೆಯಾದದ್ದೇ, ಎಲ್ಲಿ ಬಿದ್ದರೋ ಎಂದು ನೋಡಲು ವಾಕರನ್ನು ದೂಡಿಕೊಂಡು ಮೆಟ್ಟಿಲಿಳಿದು ಬಂದಿದ್ದರು. ಈಗ ವಾಕರಿನ ಮೇಲೆ ಬಾಗಿ ನಗುತ್ತಿದ್ದರು. ಎಂಥ ನಗು! ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

"ಅತ್ತೆ, ನೀವು ಗೇ..." ಎಂದು, ಹಿಂದೆಯೇ ಓಡಿ ಬಂದ ನಾನು ಹೇಳುವಷ್ಟರಲ್ಲಿ, ಮಾವ ಸೈಕಲ್ಲಿಳಿದು ನನ್ನ ಕಾಲು ತುಳಿದರು. ಗೇಟಿನ ಅಂಕಣದಲ್ಲಿ ಅಂದು ಮೊದಲ ಗೀಟು ಬಿತ್ತು.

ಆಮೇಲಿನ ದಿನಗಳನ್ನು ಏನೆಂದು ಬಣ್ಣಿಸಲಿ? ಮಾವ ಸರಿಮಾಡಿಸಲು ಒಪ್ಪಲೇ ಇಲ್ಲ. "ಹಿಂದಕ್ಕೆ ತುಳಿಯೋದು ಮಂಡಿಗೆ ಒಳ್ಳೇದು ಕಣೇ, ಹತ್ತಿ ಹಾಗೆ ಹಗುರ!" ಎಂದು ವೈದ್ಯಶಾಸ್ತ್ರವನ್ನೂ ತಾವೇ ಬರೆದರು. ದಿನಾ ಬೆಳಗ್ಗೆ ಮಾವ ಹಾಲಿಗೆ ಹೊರಡುವಾಗ ಅತ್ತೆ ಟುಕ್ ಟುಕ್ ಎಂದು ಗೇಟಿಗೆ ಬಂದು ನೋಡಿ, ನಕ್ಕು, ಬೈದು ಒಳಗೆ ಹೋಗುತ್ತಿದ್ದರು. ಒಮ್ಮೆ ಸೌತ್ ಎಂಡ್ ಸರ್ಕಲ್ಲಿನ ಬಳಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದನಂತೆ.

"ಸಾರ್, ಸೈಡಿಗೆ ಹಾಕಿ."

"ಯಾಕಪ್ಪಾ, ಹೆಲ್ಮೆಟ್ ಇದ್ಯಲ್ಲ?"

"ಹೆಲ್ಮೆಟ್ ಅಲ್ಲ ಸಾರ್. ನೀವು ರಿವರ್ಸ್ ತುಳೀತಿದೀರ, ಗಾಡಿ ಫಾರ್ವರ್ಡ್ ಬರ್ತಿದೆ. ಏನ್ ಸಾರ್ ಇದು?"

"ತಪ್ಪಾ?"

ಆತ ಬಹಳ ಹೊತ್ತು ಯೋಚಿಸಿದನಂತೆ. "ತಪ್ಪು ಅಂತ ಎಲ್ಲೂ ಬರ್ದಿಲ್ಲ ಸಾರ್. ಆದ್ರೆ ನೋಡ್ತಿದ್ರೆ ತಲೆ ತಿರುಗತ್ತೆ." ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಒಂದ್ ರೌಂಡ್ ಕೊಡ್ತೀರಾ?" ಎಂದನಂತೆ! ಈ ಪ್ರಸಂಗವನ್ನು ಮಾವ ಅತ್ತೆಗೆ ಅಭಿನಯಿಸಿ ತೋರಿಸಿದಾಗ ಅತ್ತೆ ಇಡ್ಲಿ ಕೈಯಲ್ಲಿ ಹಿಡಿದುಕೊಂಡೇ ನಕ್ಕು ಸುಸ್ತಾದರು.

ಸುದ್ದಿ ತಲಘಟ್ಟಪುರ ಮುಟ್ಟದಿರುತ್ತದೆಯೇ? ಮಗಳು ನನಗೆ ಫೋನು ಮಾಡಿ ರೇಗಿದಳು. "ಅಪ್ಪ ರೋಡಲ್ಲಿ ಸರ್ಕಸ್ ಮಾಡ್ತಿದಾರಂತೆ? ಬಿದ್ರೆ ಇಬ್ರೂ ಹಾಸಿಗೆ ಹಿಡೀತಾರೆ. ಮೊದ್ಲು ಅದನ್ನ ಸರಿ ಮಾಡು ಮಾರಾಯ್ತಿ!" ಮಾತು ನ್ಯಾಯವಾಗಿಯೇ ಇತ್ತು. ಸಂಜೆ ಮಾವ ಅತ್ತೆಯ ಮಾತ್ರೆ ತರಲು ನಡೆದು ಹೋಗಿದ್ದಾಗ ಬಳೆ ಬಿಚ್ಚಿ, ನೆಟ್ಟಗೆ ಮಾಡಿ ತೊಡಿಸಿದೆ. ಡೈರಿಯಲ್ಲಿ "ಸಮಸ್ಯೆ ಪರಿಹಾರವಾಗಿದೆ" ಎಂದು ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮರುದಿನ ಮಾವ ಎಲ್ಲರಂತೆ ಮುಂದಕ್ಕೆ ತುಳಿದರು. ಸೈಕಲ್ಲು ಎಲ್ಲ ಸೈಕಲ್ಲುಗಳಂತೆ ಮುಂದಕ್ಕೆ ಹೋಯಿತು. ನನ್ನನ್ನು ಅವರು ಬೈಯಲಿಲ್ಲ. "ಪರ್ವಾಗಿಲ್ವೇ, ಕಲ್ತಿದೀಯ" ಎಂದಷ್ಟೇ ಹೇಳಿದರು. ನಾನು ಒಳಗೆ ಹೋಗಿ ಅತ್ತೆಯನ್ನು ಕರೆದೆ.

"ಬನ್ನಿ ಅತ್ತೆ, ಮಾವ ಹೊರಟ್ರು."

"ಸರಿ ಮಾಡಿದ್ಯಂತಲ್ಲ. ಇನ್ನೇನಿದೆ ನೋಡೋಕೆ? ಮುಂದಕ್ಕೆ ಹೋಗತ್ತೆ, ಅಷ್ಟೇ ತಾನೆ."

ವಾಕರಿನ ಮೇಲೆ ಮತ್ತೆ ಟವೆಲ್ಲು ಬಂದಿತ್ತು. ಮಾರನೆಯ ದಿನವೂ ಅದೇ ಮಾತು, ಅದೇ ಟವೆಲ್ಲು. ಗೇಟಿನ ಅಂಕಣಕ್ಕೆ ಸೊನ್ನೆ ಬರೆಯಲು ನನ್ನ ಕೈ ಬರಲಿಲ್ಲ, ಖಾಲಿ ಬಿಟ್ಟೆ.

ಅದರ ಮರುದಿನ ಬೆಳಗ್ಗೆ ಹಾಲಿನ ಚೀಲ ಕೊಡಲೆಂದು ಪೋರ್ಟಿಕೋಗೆ ಬಂದರೆ, ಮಾವ ಸೈಕಲ್ಲಿನ ಪಕ್ಕ ನೆಲಕ್ಕೆ ಕೂತಿದ್ದರು. ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಬಳೆಯ ಎರಡು ಹೋಳು.

"ಏನ್ ಮಾವ, ಮತ್ತೆ ಕೆಟ್ಟಿತಾ?"

ಮಾವ ತುಟಿಯ ಮೇಲೆ ಬೆರಳಿಟ್ಟರು. ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಉಸಿರಿನಷ್ಟೇ ಮೆಲ್ಲಗೆ ಹೇಳಿದರು: "ಶ್... ಅವಳಿಗೆ ಕೇಳಿಸ್ಬಾರ್ದು."

ಮಾವನಿಗೆ ಪಿಸುಮಾತು ಬರುತ್ತದೆಂದು ನನಗೆ ಅಂದೇ ತಿಳಿದದ್ದು.

ಬಳೆಯನ್ನು ಉಲ್ಟಾ ತೊಡಿಸಿ, ಸೈಕಲ್ಲನ್ನು ಗೇಟಿನಾಚೆ ಇಳಿಸಿ, ಮಾವ ಆಟೋ ಹಾರನ್ನನ್ನು ಪೋಂ ಎನಿಸಿದರು. ಹತ್ತಿ, ಹಿಂದಕ್ಕೆ ತುಳಿದು, ಬೇಕೆಂದೇ "ಏಯ್, ಏಯ್, ಹಿಡೀರೋ" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತ ಹೊರಟರು. ಒಳಗಿನಿಂದ "ಅಯ್ಯೋ, ಮತ್ತೆ ಏನ್ ಕೆಡಿಸ್ಕೊಂಡ್ರಪ್ಪಾ ಇವ್ರು!" ಎಂಬ ಉದ್ಗಾರ. ಟವೆಲ್ಲು ನೆಲಕ್ಕೆ ಬಿತ್ತು. ಟುಕ್, ಟುಕ್, ಟುಕ್. ನಡುಮನೆ ದಾಟಿತು, ಹೊಸ್ತಿಲು ದಾಟಿತು, ಮೆಟ್ಟಿಲು ಇಳಿಯಿತು. ನಾನು ಗೇಟಿನ ಕಂಬಕ್ಕೆ ಅಂಟಿ ನಿಂತೆ.

ಮಾವ ಹೊಂಗೆಮರದ ಬಳಿ ತಿರುಗಿ, ಒಂದು ಕಾಲು ನೆಲಕ್ಕೂರಿ ನಿಂತರು. ಅಷ್ಟು ದೂರದಿಂದ ನೋಡಿದರು. ಗೇಟಿನಲ್ಲಿ ಅತ್ತೆ ನಿಂತಿದ್ದರು, ಎರಡು ಕೈಯಲ್ಲೂ ವಾಕರು ಹಿಡಿದು, ನಗು ತಡೆಯಲು ತುಟಿ ಕಚ್ಚಿಕೊಂಡು.

"ಹಲೋ, ಚೆಕ್!" ಮಾವನ ಹಳೆಯ ಧ್ವನಿ ಬೀದಿಯುದ್ದಕ್ಕೂ ಉರುಳಿ ಬಂತು. "ಕೇಳಿಸ್ತಾ ಇದ್ಯಾ?"

ಅತ್ತೆ ವಾಕರಿನಿಂದ ಒಂದೊಂದೇ ಬೆರಳು ಬಿಡಿಸಿದರು. ಒಂದು ಕ್ಷಣ ತೂಗಾಡಿದರು. ನಾನು ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದರು.

ಆಮೇಲೆ ಬಲಗೈಯನ್ನು ತಲೆಗಿಂತ ಮೇಲಕ್ಕೆ, ಕೊನೆಯ ಸಾಲಿನಿಂದ ವೇದಿಕೆಗೆ ಕಾಣುವಷ್ಟು ಮೇಲಕ್ಕೆ, ಎತ್ತಿದರು.